ಹಳೆಯ ಅಂಬಾಸಿಡರ್ ಕಾರಿನ ಕಾರ್ಬ್ಯುರೇಟರ್: ಬಿಚ್ಚುವ, ತೊಳೆಯುವ ಮತ್ತು ಹೊಂದಿಸುವ ಕ್ರಮ

ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ, ಬಯಲುಸೀಮೆಯ ದೊಡ್ಡ ಹಿಡುವಳಿಗಳ ಅಂಗಳದಲ್ಲಿ ಇಂದಿಗೂ ಒಂದೊಂದು ಹಳೆಯ ಅಂಬಾಸಿಡರ್ ಕಾರು ಕಾಣಸಿಗುತ್ತದೆ. ಗೊಬ್ಬರದ ಚೀಲ, ಬಾಳೆಗೊನೆ, ಆಸ್ಪತ್ರೆಗೆ ಹೊರಟ ಬಾಣಂತಿ, ಮದುವೆಗೆ ಹೊರಟ ಎಂಟು ಜನ, ಹೀಗೆ ಎಲ್ಲವನ್ನೂ ಹೊತ್ತು ತಂದ ಕಾರು ಅದು. ಪಶ್ಚಿಮ ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ 1957ರಲ್ಲಿ ಪ್ರಾರಂಭವಾದ ಇದರ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಮನೆಯ ಹಿರಿಯರು ಇದನ್ನು ಗುಜರಿಗೆ ಹಾಕಲು ಒಪ್ಪುವುದಿಲ್ಲ. ಇಂಥ ಕಾರನ್ನು ಉಳಿಸಿಕೊಂಡವರಿಗೆ ಅತಿ ಹೆಚ್ಚು ತೊಂದರೆ ಕೊಡುವ ಭಾಗವೆಂದರೆ ಕಾರ್ಬ್ಯುರೇಟರ್.

ಕೃಷಿ ಪತ್ರಿಕೆಯಲ್ಲಿ ಕಾರಿನ ವಿಷಯವೇಕೆ ಎಂದು ರೈತ ಬಾಂಧವರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಪೆಟ್ರೋಲ್ ಮತ್ತು ಗಾಳಿಯನ್ನು ಹದವಾಗಿ ಬೆರೆಸುವ ತತ್ವ ಕಾರಿಗೂ ನಮ್ಮ ಪವರ್ ಸ್ಪ್ರೇಯರಿಗೂ ಒಂದೇ. ಎರಡನೆಯದಾಗಿ, ಇಂದು ಬಂಕಿನಲ್ಲಿ ದೊರೆಯುವ ಪೆಟ್ರೋಲಿನ ಒಂದು ಭಾಗ ನಮ್ಮ ಕಬ್ಬು ಮತ್ತು ಮೆಕ್ಕೆಜೋಳದಿಂದಲೇ ಬಂದ ಎಥೆನಾಲ್. ಹೊಲದಿಂದ ಹೋದ ಆ ಮದ್ಯಸಾರ ಹಳೆಯ ಕಾರಿನ ಕಾರ್ಬ್ಯುರೇಟರಿಗೆ ಬಂದು ಸೇರಿದಾಗ ಏನಾಗುತ್ತದೆ ಎಂಬುದನ್ನು ತಿಳಿಯದಿದ್ದರೆ ನಷ್ಟವಾಗುತ್ತದೆ. ಕೆಲವೊಮ್ಮೆ ಪ್ರಾಣಕ್ಕೂ ಅಪಾಯವಿದೆ.

ನಮ್ಮ ಮನೆಯಲ್ಲಿ ನಡೆದದ್ದು

ನಮ್ಮ ತಂದೆಯವರ ಬಳಿ 1978ರ ಅಂಬಾಸಿಡರ್ ಕಾರೊಂದಿದೆ. 2024ರ ಮಳೆಗಾಲದಲ್ಲಿ ಅದು ಸುಮಾರು ನಾಲ್ಕು ತಿಂಗಳು ಕೊಟ್ಟಿಗೆಯಲ್ಲೇ ನಿಂತಿತ್ತು. ಆಯುಧಪೂಜೆಯ ಬೆಳಿಗ್ಗೆ ತೊಳೆದು, ಹೂ ಮುಡಿಸಿ, ಸ್ಟಾರ್ಟ್ ಮಾಡಿದೆವು. ಎಂಜಿನ್ ಹಿಡಿಯಿತು, ಜೊತೆಗೇ ಪೆಟ್ರೋಲಿನ ಘಾಟು ವಾಸನೆಯೂ ಬಂತು. ಬಾನೆಟ್ ಎತ್ತಿ ನೋಡಿದಾಗ ಕಾರ್ಬ್ಯುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕಿ ಕೆಳಗಿನ ಹೊಗೆಕೊಳವೆಯ ಮೇಲೆ ಬೀಳುತ್ತಿತ್ತು. ಎಂಜಿನ್ ಆಗಷ್ಟೇ ಪ್ರಾರಂಭವಾಗಿದ್ದರಿಂದ ಕೊಳವೆ ತಣ್ಣಗಿತ್ತು. ಇದೇ ಸೋರಿಕೆ ಹತ್ತು ಮೈಲಿ ಘಾಟಿ ಹತ್ತಿದ ಮೇಲೆ ಆಗಿದ್ದರೆ ಕಾರಿನಲ್ಲಿದ್ದವರ ಗತಿ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಭಯವಾಗುತ್ತದೆ.

ಕರೆಸಿದ ಮೆಕಾನಿಕರು ಕಾರ್ಬ್ಯುರೇಟರನ್ನು ಸ್ಪಾನರಿನಿಂದ ಒಂದೆರಡು ಬಾರಿ ತಟ್ಟಿದರು, ಸೋರಿಕೆ ನಿಂತಿತು. ಬಳಿಕ "ಪೆಟ್ರೋಲ್ ಜಾಸ್ತಿ ಬರ್ತಾ ಇದೆ ಸಾರ್" ಎಂದು ಕೆಳಗಿನ ನಟ್ಟನ್ನು ನಾಲ್ಕಾರು ಸುತ್ತು ತಿರುಗಿಸಿ ಪೆಟ್ರೋಲನ್ನು ಕಡಿಮೆ ಮಾಡಿದರು. ಪಕ್ಕದಲ್ಲೇ ನಿಂತಿದ್ದ ನಾನು ಸರಿಯೆಂದು ತಲೆಯಾಡಿಸಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಏರಿನಲ್ಲಿ ಕಾರ್ಬ್ಯುರೇಟರ್ ಪಟ್ ಪಟ್ ಎಂದು ಸಿಡಿಯತೊಡಗಿತು. ಮೂರನೆಯ ಸಿಲಿಂಡರಿನ ಹೊಗೆವಾಲ್ವ್ ಸುಟ್ಟುಹೋಯಿತು. ಒಂದು ಸಣ್ಣ ವಾಲ್ವ್ ಮತ್ತು ಒಂದಷ್ಟು ಪ್ಯಾಕಿಂಗಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ ಎಂಜಿನ್ನಿನ ಹೆಡ್ ಬಿಚ್ಚಬೇಕಾಯಿತು. ರೋಗ ಒಂದು, ಮದ್ದು ಇನ್ನೊಂದು ಆಗಿತ್ತು. ಎಲೆ ಹಳದಿಯಾದ ಕೂಡಲೇ ಯೂರಿಯಾ ಹಾಕಬೇಡಿ, ಮೊದಲು ಬೇರು ನೋಡಿ ಎಂದು ರೈತರಿಗೆ ಹೇಳುವ ನಾನೇ ಕಾರಿನ ವಿಷಯದಲ್ಲಿ ಆ ಮಾತನ್ನು ಮರೆತಿದ್ದೆ. ಬಳಿಕ ಕಾರ್ಬ್ಯುರೇಟರನ್ನು ಮನೆಯಲ್ಲೇ ಬಿಚ್ಚಿ ಸರಿಪಡಿಸಿದ ಅನುಭವದಿಂದ ಈ ಲೇಖನ ಬರೆಯುತ್ತಿದ್ದೇನೆ.

ಕಾರ್ಬ್ಯುರೇಟರ್ ಮಾಡುವ ಕೆಲಸ

ಕಾರ್ಬ್ಯುರೇಟರ್ ಒಂದು ಅಳತೆಯ ಸಾಧನ. ಕೂರಿಗೆ ಬೀಜವನ್ನು ಅಳೆದು ಬಿಡುವಂತೆ ಇದು ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಅಳೆದು ಬಿಡುತ್ತದೆ. ಶುದ್ಧ ಪೆಟ್ರೋಲ್ 1 ಕಿಲೋ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಇದನ್ನು ಗಾತ್ರದಲ್ಲಿ ಹೇಳುವುದಾದರೆ, 1 ಲೀಟರ್ ಪೆಟ್ರೋಲಿಗೆ ಹತ್ತಿರ ಹತ್ತಿರ 9,000 ಲೀಟರ್ ಗಾಳಿ ಬೇಕಾಗುತ್ತದೆ. ಪೆಟ್ರೋಲ್ ಹೆಚ್ಚಾದರೆ ಮಿಶ್ರಣ ದಟ್ಟವಾಗುತ್ತದೆ. ಮೆಕಾನಿಕರು ಇದನ್ನು ರಿಚ್ ಎನ್ನುತ್ತಾರೆ. ಕಪ್ಪು ಹೊಗೆ ಬರುತ್ತದೆ, ಮೈಲೇಜು ಇಳಿಯುತ್ತದೆ. ಪೆಟ್ರೋಲ್ ಕಡಿಮೆಯಾದರೆ ಮಿಶ್ರಣ ತೆಳುವಾಗುತ್ತದೆ. ಇದಕ್ಕೆ ಲೀನ್ ಎನ್ನುತ್ತಾರೆ. ತೆಳು ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಕ್ರಮೇಣ ಹೊಗೆವಾಲ್ವ್ ಸುಡುತ್ತದೆ. ದಟ್ಟ ಮಿಶ್ರಣದಿಂದ ಜೇಬಿಗೆ ನಷ್ಟ, ತೆಳು ಮಿಶ್ರಣದಿಂದ ಎಂಜಿನ್ನಿಗೆ ನಷ್ಟ ಎಂದು ನೆನಪಿಟ್ಟುಕೊಂಡರೆ ಸಾಕು.

ಎಸ್.ಯು. ಕಾರ್ಬ್ಯುರೇಟರಿನ ರಚನೆ

ಬಹುಕಾಲ ಅಂಬಾಸಿಡರಿನಲ್ಲಿದ್ದುದು 1489 ಸಿ.ಸಿ.ಯ ಬಿ.ಎಂ.ಸಿ. ಪೆಟ್ರೋಲ್ ಎಂಜಿನ್. ಅದಕ್ಕೆ ಜೋಡಿಸಿದ್ದು ಎಸ್.ಯು. ಎಂಬ ಕಾರ್ಬ್ಯುರೇಟರ್. ಇಂಗ್ಲೆಂಡಿನ ಪಾದರಕ್ಷೆ ವ್ಯಾಪಾರಿಗಳ ಮನೆತನದ ಸ್ಕಿನ್ನರ್ ಸಹೋದರರು ಇದನ್ನು ರೂಪಿಸಿದವರು. ಸ್ಕಿನ್ನರ್ಸ್ ಯೂನಿಯನ್ ಎಂಬುದರ ಹ್ರಸ್ವರೂಪವೇ ಎಸ್.ಯು. ಅವರ ಕಂಪನಿ 1910ರಲ್ಲಿ ಸ್ಥಾಪನೆಯಾಯಿತು. ಮೊದಮೊದಲ ಮಾದರಿಗಳಲ್ಲಿ ಪಿಸ್ಟನ್ನಿನ ಬದಲು ಚರ್ಮದ ತಿದಿ ಇತ್ತು.

ನಿಮ್ಮ ಕಾರಿನಲ್ಲಿರುವುದು ಇದೇ ಎಂದು ಗುರುತಿಸುವುದು ಸುಲಭ. ಮೇಲೆ ಘಂಟೆಯಂತಹ ಲೋಹದ ಗೋಪುರ, ಅದರ ತುದಿಯಲ್ಲಿ ಕೈಯಿಂದ ಬಿಚ್ಚುವ ಬಿರಡೆ ಇರುತ್ತದೆ. ಗೋಪುರಕ್ಕೆ ಡ್ಯಾಷ್‌ಪಾಟ್ ಎಂದು ಹೆಸರು. ಇಂಥ ಗೋಪುರವಿಲ್ಲದಿದ್ದರೆ ಅದು ಬೇರೆ ಜಾತಿಯ ಕಾರ್ಬ್ಯುರೇಟರ್. ಅದಕ್ಕೆ ಇಲ್ಲಿಯ ಅಳತೆಗಳು ಅನ್ವಯಿಸುವುದಿಲ್ಲ. ಡೀಸೆಲ್ ಅಂಬಾಸಿಡರಿಗೆ ಕಾರ್ಬ್ಯುರೇಟರೇ ಇರುವುದಿಲ್ಲ.

ಇದರ ಮುಖ್ಯ ಭಾಗಗಳು ಹೀಗಿವೆ.

1. ಫ್ಲೋಟಿನ ಬಟ್ಟಲು: ಪಂಪಿನಿಂದ ಬಂದ ಪೆಟ್ರೋಲ್ ಇಲ್ಲಿ ನಿಲ್ಲುತ್ತದೆ. ಮಟ್ಟ ಏರಿದಾಗ ಫ್ಲೋಟ್ ತೇಲಿ ಸಣ್ಣ ವಾಲ್ವನ್ನು ಮುಚ್ಚುತ್ತದೆ. ನೀರಿನ ತೊಟ್ಟಿಯಲ್ಲಿರುವ ಬಾಲ್ ನಲ್ಲಿಯಂತೆಯೇ ಇದರ ಕೆಲಸ.

2. ಜೆಟ್: ಸುಮಾರು 2.3 ಮಿ.ಮೀ. ರಂಧ್ರದ ಹಿತ್ತಾಳೆ ಕೊಳವೆ. ಬಟ್ಟಲಿನಿಂದ ಪೆಟ್ರೋಲ್ ಇದರೊಳಗೆ ಏರಿ ನಿಲ್ಲುತ್ತದೆ.

3. ಪಿಸ್ಟನ್ ಮತ್ತು ಸೂಜಿ: ಡ್ಯಾಷ್‌ಪಾಟ್ ಒಳಗೆ ಮೇಲೆ ಕೆಳಗೆ ಚಲಿಸುವ ಪಿಸ್ಟನ್ನಿನ ಅಡಿಯಲ್ಲಿ ತುದಿಯತ್ತ ಸಣ್ಣದಾಗುತ್ತ ಹೋಗುವ ಸೂಜಿಯೊಂದು ಇರುತ್ತದೆ. ಈ ಸೂಜಿ ಜೆಟ್ಟಿನ ರಂಧ್ರದಲ್ಲಿ ಇಳಿದಿರುತ್ತದೆ.

4. ಥ್ರಾಟಲ್: ಅಕ್ಸಿಲರೇಟರ್ ಒತ್ತಿದಾಗ ತೆರೆಯುವ ಬಿಲ್ಲೆ.

ಅಕ್ಸಿಲರೇಟರ್ ಒತ್ತಿದಾಗ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ. ಆ ಎಳೆತಕ್ಕೆ ಪಿಸ್ಟನ್ ಮೇಲೇಳುತ್ತದೆ, ಗಾಳಿಯ ದಾರಿ ಅಗಲವಾಗುತ್ತದೆ. ಪಿಸ್ಟನ್ನಿನ ಜೊತೆ ಸೂಜಿಯೂ ಮೇಲೇರುವುದರಿಂದ ಜೆಟ್ಟಿನಲ್ಲಿ ಸೂಜಿಯ ಸಣ್ಣ ಭಾಗ ನಿಲ್ಲುತ್ತದೆ. ಸುತ್ತಲಿನ ಸಂದು ದೊಡ್ಡದಾಗಿ ಹೆಚ್ಚು ಪೆಟ್ರೋಲ್ ಬರುತ್ತದೆ. ಗಾಳಿಯ ತೂಬು ಎಷ್ಟು ಏಳುತ್ತದೋ ಪೆಟ್ರೋಲಿನ ತೂಬೂ ಅಷ್ಟೇ ಏಳುವಂತೆ ಮಾಡಿದ ಏರ್ಪಾಡು ಇದು. ಆದ್ದರಿಂದ ಪಿಸ್ಟನ್ ತಡೆಯಿಲ್ಲದೆ ಏರಿಳಿಯಬೇಕು, ಸೂಜಿ ಜೆಟ್ಟಿನ ನಡುಮಧ್ಯೆ ನಿಲ್ಲಬೇಕು, ಬಟ್ಟಲಿನ ಮಟ್ಟ ಸರಿಯಿರಬೇಕು. ಈ ಮೂರೂ ಸರಿಯಾಗದೆ ನಟ್ ತಿರುಗಿಸಿ ಫಲವಿಲ್ಲ.

ಇಂಧನದಲ್ಲಿ ಆಗಿರುವ ಬದಲಾವಣೆ

ಈ ಕಾರುಗಳು ತಯಾರಾದ ಕಾಲದ ಪೆಟ್ರೋಲಿನಲ್ಲಿ ಸೀಸ ಬೆರೆತಿತ್ತು, ಎಥೆನಾಲ್ ಇರಲಿಲ್ಲ. ಸೀಸ ಬೆರೆಸಿದ ಪೆಟ್ರೋಲ್ ನಮ್ಮ ದೇಶದಲ್ಲಿ 2000ದಲ್ಲಿ ನಿಂತಿತು. ಸೀಸವು ಹೊಗೆವಾಲ್ವ್ ಕೂರುವ ಸೀಟಿಗೆ ಒಂದು ಬಗೆಯ ರಕ್ಷಣೆ ಕೊಡುತ್ತಿತ್ತು. ಶೇಕಡ 20ರಷ್ಟು ಎಥೆನಾಲ್ ಬೆರೆಸಿದ ಇ-20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. 2025ರ ವೇಳೆಗೆ ದೇಶದಾದ್ಯಂತ ಬೆರಕೆ ಈ ಪ್ರಮಾಣಕ್ಕೆ ಬಂದಿತು. ಕಬ್ಬಿನ ಹಾಲು, ಕಾಕಂಬಿ, ಮೆಕ್ಕೆಜೋಳ ಮತ್ತು ನುಚ್ಚಕ್ಕಿಯಿಂದ ಈ ಎಥೆನಾಲ್ ತಯಾರಾಗುತ್ತದೆ. ಬೆಳೆಗಾರರಿಗೆ ಇದರಿಂದ ಮಾರುಕಟ್ಟೆ ದೊರೆತಿದೆ. ಆದರೆ ಹಳೆಯ ಕಾರಿನ ಮಟ್ಟಿಗೆ ಮೂರು ಸಂಗತಿಗಳನ್ನು ಗಮನಿಸಬೇಕು.

ಒಂದು: ಎಥೆನಾಲಿನ ಅಣುವಿನಲ್ಲೇ ಆಮ್ಲಜನಕವಿದೆ. ಆದ್ದರಿಂದ 1 ಕಿಲೋ ಎಥೆನಾಲಿಗೆ ಸುಮಾರು 9 ಕಿಲೋ ಗಾಳಿ ಸಾಕು. ಲೆಕ್ಕ ಹಾಕಿದರೆ ಇ-20ಕ್ಕೆ ಬೇಕಾಗುವ ಗಾಳಿ ಕಿಲೋಗೆ ಸುಮಾರು 13.5 ಕಿಲೋ. ಹಳೆಯ ಹೊಂದಾಣಿಕೆಯಲ್ಲೇ ಇ-20 ಹಾಕಿದರೆ ಮಿಶ್ರಣ ಸುಮಾರು ಶೇಕಡ 8ರಷ್ಟು ತೆಳುವಾಗುತ್ತದೆ. ಹೊಸ ಕಾರುಗಳಲ್ಲಿ ಹೊಗೆಯನ್ನು ಅಳೆದು ಪೆಟ್ರೋಲನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆ ಇದೆ. ಹಳೆಯ ಕಾರಿನಲ್ಲಿ ಆ ಕೆಲಸವನ್ನು ನಮ್ಮ ಕೈಯೇ ಮಾಡಬೇಕು.

ಎರಡು: ಎಥೆನಾಲ್ ನೀರನ್ನು ಹೀರುತ್ತದೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಮತ್ತು ಎಥೆನಾಲ್ ಬೇರ್ಪಟ್ಟು ತಳದಲ್ಲಿ ನಿಲ್ಲಬಹುದು. ಇಂಥ ದ್ರವ ಬಟ್ಟಲಿಗೆ ಬಂದು ನಿಂತರೆ ಲೋಹದ ಮೇಲೆ ಬಿಳಿಯ ಪುಡಿ ಕಟ್ಟುತ್ತದೆ. ನಮ್ಮ ಕಾರಿನ ಫ್ಲೋಟಿನ ವಾಲ್ವ್ ಸಿಕ್ಕಿಕೊಂಡದ್ದು ಇದೇ ಪುಡಿಯಿಂದ.

ಮೂರು: ಹಳೆಯ ಜಾತಿಯ ರಬ್ಬರು ಮತ್ತು ಕಾರ್ಕ್ ಎಥೆನಾಲಿಗೆ ತಾಳುವುದಿಲ್ಲ. ಪೈಪು ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಈ ಎಂಜಿನ್ನಿನಲ್ಲಿ ಗಾಳಿ ಒಳಹೋಗುವ ಕೊಳವೆ ಮತ್ತು ಹೊಗೆ ಹೊರಬರುವ ಕೊಳವೆ ಎರಡೂ ಒಂದೇ ಪಕ್ಕದಲ್ಲಿವೆ. ಹೀಗಾಗಿ ಕಾರ್ಬ್ಯುರೇಟರಿನ ಸೋರಿಕೆ ಬಿಸಿ ಹೊಗೆಕೊಳವೆಯತ್ತಲೇ ಬೀಳುತ್ತದೆ. ಬೆಂಕಿಯ ಭಯವಿರುವುದು ಇಲ್ಲಿಯೇ.

ಕೆಲಸಕ್ಕೆ ಮುನ್ನ

ಕೆಲಸವನ್ನು ಬಯಲಿನಲ್ಲಿ ಅಥವಾ ಗಾಳಿಯಾಡುವ ಚಪ್ಪರದಡಿ ಹಗಲು ಹೊತ್ತಿನಲ್ಲಿ ಮಾಡಬೇಕು. ಎಂಜಿನ್ ಪೂರ್ಣ ತಣಿದಿರಬೇಕು. ಬ್ಯಾಟರಿಯ ತಂತಿ ಕಳಚಬೇಕು. ಹತ್ತಿರದಲ್ಲಿ ಬೀಡಿ, ಒಲೆ, ದೀಪ ಇರಕೂಡದು. ಒಂದು ಬಕೆಟ್ ಒಣ ಮರಳು ಪಕ್ಕದಲ್ಲಿರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿಯಬಾರದು.

ಬೇಕಾಗುವ ಸಾಮಗ್ರಿಗಳು: ಸ್ಪಾನರ್ ಸೆಟ್, ಎರಡು ಸ್ಕ್ರೂಡ್ರೈವರ್, ಫೀಲರ್ ಗೇಜ್, ಮೆತ್ತನೆಯ ಬ್ರಷ್, ಹತ್ತಿಯ ಬಟ್ಟೆ, ಕಾರ್ಬ್ಯುರೇಟರ್ ತೊಳೆಯುವ ದ್ರವ, ಸೈಕಲ್ ಪಂಪು, ಎಸ್.ಎ.ಇ. 20 ದರ್ಜೆಯ ಎಣ್ಣೆ, ಬಿಳಿಯ ತಟ್ಟೆ ಮತ್ತು ರಿಪೇರಿ ಕಿಟ್. ಕಿಟ್ಟಿನಲ್ಲಿ ಪ್ಯಾಕಿಂಗುಗಳು, ಫ್ಲೋಟಿನ ವಾಲ್ವ್, ಜೆಟ್ ಮತ್ತು ಸೂಜಿ ಇವೆಯೇ ಎಂದು ನೋಡಿ ಕೊಳ್ಳಬೇಕು. ಪೆಟ್ರೋಲ್ ಪೈಪನ್ನು ಎಥೆನಾಲ್ ತಾಳುವಂಥದ್ದೇ ಬೇಕೆಂದು ಕೇಳಿ ಪಡೆಯಬೇಕು.

ಬಿಚ್ಚುವ ಮತ್ತು ತೊಳೆಯುವ ಕ್ರಮ

1. ಏರ್ ಫಿಲ್ಟರ್, ಪೆಟ್ರೋಲ್ ಪೈಪು, ಚೋಕ್ ತಂತಿ ಮತ್ತು ಅಕ್ಸಿಲರೇಟರಿನ ಕೊಂಡಿ ಕಳಚಿ. ಮುಖ್ಯ ನಟ್ಟುಗಳನ್ನು ಬಿಚ್ಚಿ ಕಾರ್ಬ್ಯುರೇಟರನ್ನು ನೆಟ್ಟಗೆ ಹಿಡಿದು ಹೊರತೆಗೆಯಿರಿ. ಒಳಕೊಳವೆಯ ಬಾಯಿಗೆ ಬಟ್ಟೆ ತುರುಕಿ; ಒಂದು ವಾಷರ್ ಒಳಗೆ ಬಿದ್ದರೂ ಅನಾಹುತವಾದೀತು.

2. ಡ್ಯಾಷ್‌ಪಾಟಿನ ಮೇಲೂ ಕೆಳಗಿನ ಭಾಗದ ಮೇಲೂ ಎದುರೆದುರಾಗಿ ಗುರುತು ಗೀಚಿ. ಪ್ರತಿಯೊಂದು ಡ್ಯಾಷ್‌ಪಾಟ್ ತನ್ನ ಪಿಸ್ಟನ್ನಿಗೇ ಹೊಂದುವಂತೆ ಮಾಡಿದ್ದು. ಒಂದು ಕಾರಿನದನ್ನು ಇನ್ನೊಂದಕ್ಕೆ ಹಾಕಬಾರದು.

3. ತುದಿಯ ಬಿರಡೆ ಬಿಚ್ಚಿ, ಸ್ಕ್ರೂ ತೆಗೆದು ಡ್ಯಾಷ್‌ಪಾಟನ್ನು ನೇರವಾಗಿ ಮೇಲಕ್ಕೆತ್ತಿ. ಸ್ಪ್ರಿಂಗ್ ತೆಗೆದು, ಪಿಸ್ಟನ್ನನ್ನು ಸೂಜಿ ಬಾಗದಂತೆ ಎತ್ತಿ. ಪಿಸ್ಟನ್ನನ್ನು ಸೂಜಿಯ ಮೇಲೆ ನಿಲ್ಲಿಸಬೇಡಿ. ಬಾಯಗಲದ ಸೀಸೆಯೊಂದರ ಬಾಯಲ್ಲಿ ಸೂಜಿ ಇಳಿಬಿಟ್ಟು ಇಡಿ.

4. ಬಟ್ಟಲಿನ ಮುಚ್ಚಳ ಬಿಚ್ಚಿ ಒಳಗಿನ ಪೆಟ್ರೋಲನ್ನು ಬಿಳಿಯ ತಟ್ಟೆಗೆ ಸುರಿಯಿರಿ. ನೀರಿನ ಗುಳ್ಳೆ, ತುಕ್ಕು, ಬಿಳಿಯ ಪುಡಿ ಕಂಡರೆ ಟ್ಯಾಂಕನ್ನೂ ತೊಳೆಯಬೇಕು. ಇಲ್ಲವಾದರೆ ವಾರದಲ್ಲಿ ಅದೇ ಕಸ ಮತ್ತೆ ಬಂದು ಸೇರುತ್ತದೆ.

5. ಜೆಟ್ ಮತ್ತು ಅದರ ಸಣ್ಣ ನೈಲಾನ್ ಕೊಳವೆಯನ್ನು ಕಳಚಿ. ಬಿಚ್ಚಿದ ಭಾಗಗಳನ್ನು ಕಳಚಿದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿ.

6. ಎಲ್ಲ ಲೋಹಭಾಗಗಳನ್ನು ದ್ರವದಿಂದ ತೊಳೆದು ರಂಧ್ರಗಳಿಗೆ ಪಂಪಿನಿಂದ ಗಾಳಿ ಊದಿ. ಹನಿ ನೀರಾವರಿಯ ರಂಧ್ರಕ್ಕೆ ತಂತಿ ಚುಚ್ಚಿದರೆ ಅಳತೆ ಕೆಡುವಂತೆಯೇ ಜೆಟ್ಟಿಗೂ ತಂತಿ ಚುಚ್ಚಬಾರದು. ಡ್ಯಾಷ್‌ಪಾಟಿನ ಒಳಮೈ ಮತ್ತು ಪಿಸ್ಟನ್ನಿಗೆ ಉಪ್ಪುಕಾಗದ ತಾಕಿಸಲೇಬಾರದು.

ಸವೆತದ ಪರೀಕ್ಷೆ

ತೊಳೆದ ಬಳಿಕ ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು.

ಸೂಜಿಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಪಕ್ಕದಲ್ಲಿ ಹೊಳಪುಗಟ್ಟಿ ಸವೆದಿದ್ದರೆ ಅದು ಜೆಟ್ಟಿಗೆ ಉಜ್ಜಿದೆ ಎಂದರ್ಥ. ಸೂಜಿಯ ಬುಡದಲ್ಲಿ ಕೊರೆದ ಅಕ್ಷರಗಳನ್ನು ಓದಿ ಅದೇ ಗುರುತಿನ ಸೂಜಿಯನ್ನೇ ಹಾಕಬೇಕು. ಸೂಜಿ ಮತ್ತು ಜೆಟ್ ಎರಡನ್ನೂ ಒಟ್ಟಿಗೆ ಬದಲಾಯಿಸುವುದು ಒಳ್ಳೆಯದು. ಸವೆದ ಜೆಟ್ಟಿನ ರಂಧ್ರ ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಫ್ಲೋಟನ್ನು ಕಿವಿಯ ಹತ್ತಿರ ಅಲುಗಿಸಿ. ಒಳಗೆ ಪೆಟ್ರೋಲಿನ ಸದ್ದು ಕೇಳಿದರೆ ತೂತಾಗಿದೆ, ಬದಲಾಯಿಸಿ. ಫ್ಲೋಟಿನ ವಾಲ್ವಿನ ಮೊನೆಯಲ್ಲಿ ಗೆರೆ ಬಿದ್ದಿದ್ದರೆ ಅದನ್ನೂ ಬದಲಾಯಿಸಿ.

ಥ್ರಾಟಲಿನ ಕಂಬಿಯನ್ನು ಬೆರಳಿನಿಂದ ಮೇಲೆ ಕೆಳಗೆ ಅಲ್ಲಾಡಿಸಿ. ಹೆಚ್ಚು ಸಡಿಲವಿದ್ದರೆ ಅಲ್ಲಿಂದ ಕಳ್ಳಗಾಳಿ ನುಗ್ಗುತ್ತದೆ. ಐಡ್ಲಿಂಗಿನಲ್ಲಿ ಎಂಜಿನ್ ಏರುಪೇರಾಗುವುದಕ್ಕೆ ಇದೊಂದು ಸಾಮಾನ್ಯ ಕಾರಣ. ಜೋಡಿಸಿದ ಮೇಲೆ ಸಂಶಯವಿದ್ದರೆ ಎಂಜಿನ್ ಓಡುತ್ತಿರುವಾಗ ಕಂಬಿಯ ತುದಿಗೆ ಎರಡು ತೊಟ್ಟು ದಪ್ಪ ಎಣ್ಣೆ ಬಿಡಿ. ಸದ್ದು ಬದಲಾದರೆ ಗಾಳಿ ಎಳೆಯುತ್ತಿದೆ. ಈ ಪರೀಕ್ಷೆಗೆ ಪೆಟ್ರೋಲನ್ನು ಎಂದೂ ಬಳಸಬಾರದು. ಸಡಿಲವಾದ ಕಂಬಿಗೆ ಲೇತ್ ಕೆಲಸದವರಿಂದ ಹೊಸ ಬುಷ್ ಹಾಕಿಸಬೇಕು.

ಜೋಡಣೆ

ಫ್ಲೋಟಿನ ಮಟ್ಟ: ಮುಚ್ಚಳವನ್ನು ಬೋರಲಾಗಿ ಹಿಡಿದಾಗ ಫ್ಲೋಟ್ ತನ್ನ ಭಾರದಿಂದ ವಾಲ್ವನ್ನು ಮುಚ್ಚಿ ನಿಲ್ಲುತ್ತದೆ. ಆಗ ಮುಚ್ಚಳದ ಅಂಚಿಗೂ ಫ್ಲೋಟಿಗೂ ನಡುವೆ 3ರಿಂದ 5 ಮಿ.ಮೀ. ಅಂತರವಿರಬೇಕು. ಹೆಚ್ಚುಕಡಿಮೆಯಿದ್ದರೆ ಫ್ಲೋಟಿನ ಲೋಹದ ನಾಲಗೆಯನ್ನು ಸ್ವಲ್ಪವೇ ಬಗ್ಗಿಸಬೇಕು.

ಸೂಜಿಯ ಮಟ್ಟ: ಸೂಜಿಯ ಭುಜ ಪಿಸ್ಟನ್ನಿನ ತಳಕ್ಕೆ ಸಮವಾಗಿರುವಂತೆ ಇಟ್ಟು ಪಕ್ಕದ ಸಣ್ಣ ಸ್ಕ್ರೂ ಬಿಗಿಯಿರಿ.

ಜೆಟ್ಟನ್ನು ನಡುವಿಗೆ ತರುವುದು: ಇದು ತಾಳ್ಮೆಯ ಕೆಲಸ. ಹೊಂದಾಣಿಕೆ ನಟ್ಟಿನ ಸ್ಪ್ರಿಂಗ್ ತೆಗೆದು, ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಜೆಟ್ಟನ್ನು ಅದಕ್ಕೆ ತಾಗುವಂತೆ ಒತ್ತಿ ಹಿಡಿಯಿರಿ. ಜೆಟ್ಟಿನ ಹೊರಗಿನ ದೊಡ್ಡ ಬಿಗಿ ನಟ್ಟನ್ನು ಕೈಬೆರಳಿಗೆ ಆಡುವಷ್ಟು ಸಡಿಲಿಸಿ. ಪಿಸ್ಟನ್ನನ್ನು ಪೆನ್ಸಿಲಿನಿಂದ ಮೆತ್ತಗೆ ಕೆಳಕ್ಕೆ ಒತ್ತಿ. ಆಗ ಸೂಜಿಯೇ ಜೆಟ್ಟನ್ನು ತನ್ನ ಸುತ್ತ ಸಮನಾಗಿ ನಿಲ್ಲಿಸಿಕೊಳ್ಳುತ್ತದೆ. ಹಾಗೆಯೇ ಹಿಡಿದು ಬಿಗಿ ನಟ್ಟನ್ನು ಬಿಗಿಯಿರಿ. ಈಗ ಪಿಸ್ಟನ್ನನ್ನು ಎತ್ತಿ ಬಿಟ್ಟರೆ ಟಿಕ್ ಎಂಬ ಮೆದು ಸದ್ದಿನೊಡನೆ ತಳಕ್ಕೆ ಬೀಳಬೇಕು. ಜೆಟ್ಟನ್ನು ಕೆಳಕ್ಕೆಳೆದು ಮತ್ತೊಮ್ಮೆ ಬಿಡಿ. ಎರಡು ಬಾರಿಯೂ ಒಂದೇ ಸದ್ದು ಬಂದರೆ ಕೆಲಸ ಸರಿಯಾಗಿದೆ. ಜೆಟ್ ಇಳಿಸಿದಾಗ ಮಾತ್ರ ಸದ್ದು ಬಂದರೆ ಮತ್ತೆ ಮೊದಲಿನಿಂದ ಮಾಡಬೇಕು. ನನಗೆ ಇದು ಐದನೆಯ ಬಾರಿಗೆ ಸಿದ್ಧಿಸಿತು. ಬಳಿಕ ಸ್ಪ್ರಿಂಗನ್ನು ಅದರ ಸ್ಥಾನದಲ್ಲಿ ಹಾಕಿ.

ಮೊದಲ ಅಳತೆ: ಹೊಂದಾಣಿಕೆ ನಟ್ಟನ್ನು ಪೂರ್ತಿ ಮೇಲಕ್ಕೇರಿಸಿ, ಅಲ್ಲಿಂದ ಎರಡು ಪೂರ್ಣ ಸುತ್ತು ಕೆಳಗಿಳಿಸಿ. ನಟ್ಟಿಗೆ ಆರು ಮುಖಗಳಿರುವುದರಿಂದ ಇದು 12 ಮುಖಗಳ ಲೆಕ್ಕ.

ಎಣ್ಣೆ: ಡ್ಯಾಷ್‌ಪಾಟಿನ ತುದಿಯಲ್ಲಿ ಎಸ್.ಎ.ಇ. 20 ಎಣ್ಣೆ ಹಾಕಿ. ಬಿರಡೆಯನ್ನು ಇಳಿಸುವಾಗ ಅದು ಕೂರಲು ಇನ್ನೂ 6 ಮಿ.ಮೀ. ಇರುವಂತೆಯೇ ಕೈಗೆ ಎಣ್ಣೆಯ ತಡೆ ತಿಳಿಯಬೇಕು. ಎಣ್ಣೆ ಇಲ್ಲದಿದ್ದರೆ ಅಕ್ಸಿಲರೇಟರ್ ಒತ್ತಿದಾಗ ಪಿಸ್ಟನ್ ಒಮ್ಮೆಲೇ ಹಾರಿ, ಮಿಶ್ರಣ ತೆಳುವಾಗಿ, ಕಾರು ಮುಗ್ಗರಿಸುತ್ತದೆ.

ಹೊಂದಾಣಿಕೆ

ಕಾರ್ಬ್ಯುರೇಟರಿಗೆ ಕೈಹಾಕುವ ಮೊದಲು ಕಿಡಿ ಮತ್ತು ವಾಲ್ವುಗಳನ್ನು ಸರಿಪಡಿಸಿರಬೇಕು. ಸ್ಪಾರ್ಕ್ ಪ್ಲಗ್ಗಿನ ಅಂತರ 0.63 ಮಿ.ಮೀ., ಪಾಯಿಂಟಿನ ಅಂತರ 0.35ರಿಂದ 0.40 ಮಿ.ಮೀ., ಎಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಅಂತರ 0.38 ಮಿ.ಮೀ. ಇರಬೇಕು.

1. ಎಂಜಿನ್ನನ್ನು ಪೂರ್ಣ ಬಿಸಿಯಾಗುವವರೆಗೆ ಓಡಿಸಿ. ಚೋಕ್ ಪೂರ್ತಿ ಒಳಗಿರಲಿ. ಎಲ್ಲಿಯೂ ಪೆಟ್ರೋಲ್ ಜಿನುಗುತ್ತಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಿ.

2. ಥ್ರಾಟಲಿನ ಸ್ಕ್ರೂವಿನಿಂದ ಐಡ್ಲಿಂಗನ್ನು ಎಂಜಿನ್ ನಿಲ್ಲದಷ್ಟು ನಿಧಾನಕ್ಕೆ ತನ್ನಿ.

3. ಕಾರ್ಬ್ಯುರೇಟರಿನ ಅಡಿಯಲ್ಲಿರುವ ಎತ್ತುಗಡ್ಡಿಯನ್ನು ಮೆಲ್ಲಗೆ ಮೇಲಕ್ಕೊತ್ತಿ ಪಿಸ್ಟನ್ನನ್ನು 0.8 ಮಿ.ಮೀ.ನಷ್ಟು ಮಾತ್ರ ಎತ್ತಿ. ಗಡ್ಡಿ ಇಲ್ಲದಿದ್ದರೆ ಫಿಲ್ಟರ್ ಬಿಚ್ಚಿದ ಬಾಯಿಯಿಂದ ತೆಳು ಸ್ಕ್ರೂಡ್ರೈವರ್ ಬಳಸಬಹುದು.

4. ಎತ್ತಿದಾಗ ಎಂಜಿನ್ ವೇಗ ಏರಿ ಹಾಗೆಯೇ ನಿಂತರೆ ಮಿಶ್ರಣ ದಟ್ಟವಾಗಿದೆ. ನಟ್ಟನ್ನು ಒಂದು ಮುಖದಷ್ಟು ಮೇಲಕ್ಕೆ ತಿರುಗಿಸಿ. ಎಂಜಿನ್ ಕುಗ್ಗಿ ನಿಲ್ಲಲು ಹೊರಟರೆ ಮಿಶ್ರಣ ತೆಳುವಾಗಿದೆ. ನಟ್ಟನ್ನು ಒಂದು ಮುಖ ಕೆಳಕ್ಕೆ ತಿರುಗಿಸಿ. ವೇಗ ಕ್ಷಣಮಾತ್ರ ತುಸು ಏರಿ ಮತ್ತೆ ಮೊದಲಿನಂತಾದರೆ ಹದವಾಗಿದೆ.

5. ಪ್ರತಿಬಾರಿ ಒಂದೇ ಮುಖ ತಿರುಗಿಸಿ, ಜೆಟ್ಟನ್ನು ನಟ್ಟಿಗೆ ತಾಗುವಂತೆ ಒತ್ತಿ, ಅಕ್ಸಿಲರೇಟರನ್ನು ಒಮ್ಮೆ ಒತ್ತಿ ಬಿಟ್ಟು ಮತ್ತೆ ಪರೀಕ್ಷಿಸಿ. ಅವಸರ ಕೂಡದು.

6. ಚೋಕ್ ತಂತಿಗೆ ಸುಮಾರು 1.5 ಮಿ.ಮೀ. ಸಡಿಲ ಬಿಡಿ. ಚೋಕನ್ನು ಜೆಟ್ ಇಳಿಯುವುದಕ್ಕೆ ಸ್ವಲ್ಪ ಮೊದಲಿನವರೆಗೆ ಎಳೆದು, ಆಗ ಎಂಜಿನ್ ನಿಮಿಷಕ್ಕೆ ಸುಮಾರು 1,000 ಸುತ್ತು ತಿರುಗುವಂತೆ ಪಕ್ಕದ ಇನ್ನೊಂದು ಸ್ಕ್ರೂವನ್ನು ಹೊಂದಿಸಿ.

ಈ ಕೆಲಸವನ್ನು ನೀವು ನಿತ್ಯ ಹಾಕಿಸುವ ಪೆಟ್ರೋಲಿನಲ್ಲೇ ಮಾಡಬೇಕು. ಇ-20 ಹಾಕಿದ ನಮ್ಮ ಕಾರಿಗೆ 12 ಮುಖಗಳ ಮೊದಲ ಅಳತೆಗಿಂತ ಇನ್ನೂ ಎರಡು ಮುಖ ಇಳಿಸಬೇಕಾಯಿತು. ಇದು ಎಲ್ಲ ಕಾರಿಗೂ ಅನ್ವಯಿಸುವ ಅಳತೆಯಲ್ಲ. ನಿಮ್ಮ ಎಂಜಿನ್ ಕೇಳಿದಷ್ಟು ಕೊಡಬೇಕು. ಬಳಿಕ ಹೊಗೆ ತಪಾಸಣೆ ಕೇಂದ್ರಕ್ಕೆ ಹೋಗಿ ಅಳತೆ ಮಾಡಿಸಿ. ಭಾರತ್ ಸ್ಟೇಜ್ ನಿಯಮಗಳಿಗಿಂತ ಮೊದಲಿನ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡ 3ರ ಒಳಗಿರಬೇಕೆಂಬುದು ನಿಯಮ. ಆ ಚೀಟಿಯನ್ನು ಕಾನೂನಿಗಾಗಿ ಮಾತ್ರವಲ್ಲ, ಮಣ್ಣು ಪರೀಕ್ಷೆಯ ವರದಿಯಂತೆ ನಿಮ್ಮ ಉಪಯೋಗಕ್ಕೂ ಓದಬೇಕು.

ಲಕ್ಷಣ ನೋಡಿ ಕಾರಣ ತಿಳಿಯುವುದು

ಬಟ್ಟಲಿನಿಂದ ಪೆಟ್ರೋಲ್ ಉಕ್ಕುವುದು: ಫ್ಲೋಟಿನ ವಾಲ್ವಿನಲ್ಲಿ ಕಸ, ತೂತಾದ ಫ್ಲೋಟ್ ಅಥವಾ ತಪ್ಪಿದ ಮಟ್ಟ. ಹೊಂದಾಣಿಕೆ ನಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ಏರಿನಲ್ಲಿ ಕಾರ್ಬ್ಯುರೇಟರಿನಲ್ಲಿ ಸಿಡಿತ, ಎಂಜಿನ್ ಬಿಸಿಯಾಗುವುದು: ತೆಳು ಮಿಶ್ರಣ, ಕಳ್ಳಗಾಳಿ ಅಥವಾ ಪಂಪಿನ ದೋಷ.

ಕಪ್ಪು ಹೊಗೆ, ಮಸಿ ಹಿಡಿದ ಪ್ಲಗ್: ದಟ್ಟ ಮಿಶ್ರಣ, ಮೇಲೆ ಬಾರದೆ ಸಿಕ್ಕಿಕೊಂಡ ಜೆಟ್ ಅಥವಾ ಕಟ್ಟಿದ ಏರ್ ಫಿಲ್ಟರ್.

ಅಕ್ಸಿಲರೇಟರ್ ಒತ್ತಿದೊಡನೆ ಮುಗ್ಗರಿಸುವುದು: ಡ್ಯಾಷ್‌ಪಾಟಿನಲ್ಲಿ ಎಣ್ಣೆ ಇಲ್ಲ.

ಐಡ್ಲಿಂಗಿನಲ್ಲಿ ಏರುಪೇರು: ಸವೆದ ಥ್ರಾಟಲ್ ಕಂಬಿ ಅಥವಾ ನಡುವಿನಲ್ಲಿಲ್ಲದ ಜೆಟ್.

ಎಂಜಿನ್ ಎಣ್ಣೆಯಲ್ಲಿ ಪೆಟ್ರೋಲ್ ವಾಸನೆ: ಎಂಜಿನ್ನಿನ ಪಕ್ಕದಲ್ಲಿರುವ ಪೆಟ್ರೋಲ್ ಪಂಪಿನ ಒಳಪೊರೆ ಹರಿದಿರಬಹುದು. ಎಣ್ಣೆ ಬದಲಾಯಿಸದೆ ಓಡಿಸಬಾರದು.

ಕಾರನ್ನು ನಿಲ್ಲಿಸಿಡುವಾಗ

ಹದಿನೈದು ದಿನಕ್ಕೊಮ್ಮೆಯಾದರೂ ಎಂಜಿನ್ ಪೂರ್ಣ ಬಿಸಿಯಾಗುವಷ್ಟು ದೂರ ಓಡಿಸುವುದು ಉತ್ತಮ. ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಬಟ್ಟಲಿನ ಪೆಟ್ರೋಲನ್ನು ಬಸಿದು ಒಣಗಿಸಿಡಬೇಕು. ಅರ್ಧ ಟ್ಯಾಂಕಿನಲ್ಲಿ ತೇವದ ಗಾಳಿ ಸೇರುವುದರಿಂದ ಟ್ಯಾಂಕನ್ನು ತುಂಬಿಸಿಡಬೇಕು ಅಥವಾ ಪೂರ್ತಿ ಖಾಲಿ ಮಾಡಬೇಕು. ಮಳೆಗಾಲ ಕಳೆದು ಮೊದಲ ಬಾರಿ ಸ್ಟಾರ್ಟ್ ಮಾಡುವಾಗ ಬಾನೆಟ್ ತೆರೆದಿರಲಿ, ಇನ್ನೊಬ್ಬರು ಕಾರ್ಬ್ಯುರೇಟರನ್ನು ನೋಡುತ್ತಿರಲಿ. ಪೆಟ್ರೋಲ್ ಪೈಪುಗಳನ್ನು ವರ್ಷಕ್ಕೊಮ್ಮೆ ಬಗ್ಗಿಸಿ ನೋಡಿ, ಬಿರುಕು ಕಂಡ ದಿನವೇ ಬದಲಾಯಿಸಬೇಕು. ಪವರ್ ಸ್ಪ್ರೇಯರಿನ ಟ್ಯಾಂಕು ಮತ್ತು ಕಾರ್ಬ್ಯುರೇಟರನ್ನು ಕೂಡ ಹಂಗಾಮು ಮುಗಿದೊಡನೆ ಬಸಿದಿಟ್ಟರೆ ಮುಂದಿನ ವರ್ಷ ಔಷಧಿ ಹೊಡೆಯುವ ದಿನ ಪರದಾಡುವುದು ತಪ್ಪುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಮೊದಲು ಶುದ್ಧಿ, ಬಳಿಕ ಸವೆತದ ಪರೀಕ್ಷೆ, ಕೊನೆಗೆ ಹೊಂದಾಣಿಕೆ. ಈ ಕ್ರಮವನ್ನು ತಿರುಗುಮುರುಗು ಮಾಡಬಾರದು. ಇಂಧನ ಬದಲಾಗಿರುವುದರಿಂದ ಹಳೆಯ ಹೊಂದಾಣಿಕೆಯನ್ನೇ ನೆಚ್ಚಿ ಕೂರಬಾರದು. 2025ರ ಆಯುಧಪೂಜೆಯಂದು ನಮ್ಮ ತಂದೆಯವರು ಸ್ಟಾರ್ಟ್ ಮಾಡುವ ಮೊದಲು ತಾವಾಗಿಯೇ ಬಾನೆಟ್ ತೆರೆದು, "ನೀನು ಅಲ್ಲಿ ನಿಂತು ನೋಡು" ಎಂದರು. ಒಂದು ತೊಟ್ಟೂ ಬೀಳಲಿಲ್ಲ.